ನಮ್ಮ ಹಾಲಿನ ಲೆಕ್ಕಕ್ಕೆ ನಮ್ಮದೇ ಒಂದು ಕಿಂಡಿ

(ಉಡುಪಿ, ಕಾಪು ಮತ್ತು ಕಾರ್ಕಳ ಕಡೆಯ ಹಾಲು ಉತ್ಪಾದಕ ಸದಸ್ಯರು ಹಾಗೂ ಸಂಘಗಳ ಕಾರ್ಯದರ್ಶಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಇಲ್ಲಿಗೆ ಕರೆದದ್ದು ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಲಿಕ್ಕೆ. ನಾನು ಮಣಿಪಾಲದಲ್ಲಿ ಕಂಪ್ಯೂಟರಿನ ಕೆಲಸ ಮಾಡಿ ಜೀವನ ಮಾಡುವವ. ಆದರೆ ನನ್ನ ಓದಿನ ಫೀಸು ಬಂದದ್ದು ಕಾರ್ಕಳ ತಾಲೂಕಿನ ಒಂದು ಹಟ್ಟಿಯಿಂದ. ಬೆಳಿಗ್ಗೆ ಐದೂವರೆಗೆ ಹಾಲಿನ ಕ್ಯಾನು ಹಿಡಿದು ಸಂಘಕ್ಕೆ ಓಡಿದ ಹುಡುಗ ನಾನು. ಆದ್ದರಿಂದ ಸದಸ್ಯನ ಮನೆಯವನಾಗಿಯೇ ಮಾತನಾಡುತ್ತೇನೆ.

ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹಿಂಗಾರು ಮಳೆಯ ಸಮಯದಲ್ಲಿ ಒಂದು ಸಂಜೆ ದೊಡ್ಡ ಸಿಡಿಲು ಬಡಿಯಿತು. ನಾವು ಹಾಲು ಹಾಕುವ ಸಂಘದ ಕಂಪ್ಯೂಟರು ಸುಟ್ಟುಹೋಯಿತು. ಆ ಬಟವಾಡೆ ಅವಧಿಯ ಎಂಟು ದಿನಗಳ ಲೆಕ್ಕ ಅದರೊಳಗೇ ಇತ್ತು, ಬೇರೆ ಎಲ್ಲಿಯೂ ನಕಲು ಇರಲಿಲ್ಲ. ಸದಸ್ಯರು ಚೀಟಿ ತನ್ನಿ ಎಂದರು. ನನ್ನ ಅಮ್ಮ ಚೀಟಿಗಳನ್ನು ಒಲೆಯ ಮೇಲಿನ ಅಟ್ಟಣೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಆದರೆ ಆ ಚೀಟಿಯ ಕಾಗದ ಶಾಯಿಯಿಂದ ಮುದ್ರಿಸುವುದಲ್ಲ, ಬಿಸಿಯಿಂದ ಅಕ್ಷರ ಮೂಡಿಸುವುದು. ಒಲೆಯ ಬಿಸಿಗೆ ಕಾಗದ ಪೂರ್ತಿ ಕಪ್ಪಾಗಿ, ಒಂದು ಅಂಕಿಯೂ ಓದುವ ಹಾಗಿರಲಿಲ್ಲ.

ಕೊನೆಗೆ ಹಿಂದಿನ ಅವಧಿಯ ಸರಾಸರಿ ತೆಗೆದು ಎಲ್ಲರಿಗೂ ಹಣ ಕೊಟ್ಟರು. ಬೇರೆ ದಾರಿ ಇರಲಿಲ್ಲ. ಆದರೆ ಹಿಂದಿನ ಅವಧಿಯಲ್ಲಿ ನಮ್ಮಲ್ಲಿ ಒಂದೇ ದನ ಹಾಲು ಕೊಡುತ್ತಿತ್ತು. ಈ ಅವಧಿಯ ಹೊತ್ತಿಗೆ ಎರಡನೆಯದು ಕರು ಹಾಕಿ, ಗಿಣ್ಣು ಹಾಲು ಮುಗಿದು, ದಿನಕ್ಕೆ ಆರು ಲೀಟರು ಹೆಚ್ಚಾಗಿ ಸಂಘಕ್ಕೆ ಹೋಗುತ್ತಿತ್ತು. ಎಂಟು ದಿನಕ್ಕೆ ನಲವತ್ತೆಂಟು ಲೀಟರು ಹಾಲಿನ ಹಣ ಅಮ್ಮನ ಕೈತಪ್ಪಿತು. ಯಾರೂ ಮೋಸ ಮಾಡಲಿಲ್ಲ. ಅಮ್ಮ ಯಾರಿಗೂ ಬೈಯಲಿಲ್ಲ. ಒಂದೇ ಮಾತು ಹೇಳಿದರು: “ನಾನು ಹಾಲು ಹಾಕಿದ್ದು ನನಗೂ ಗೊತ್ತುಂಟು, ಸಂಘಕ್ಕೂ ಗೊತ್ತುಂಟು. ಬರೆದದ್ದು ಮಾತ್ರ ಇಲ್ಲ.”

ನಾನು ಈಗ ಹೇಳಲಿಕ್ಕೆ ಹೊರಟದ್ದೆಲ್ಲ ಈ ಮಾತಿನಿಂದ ಹುಟ್ಟಿದ್ದು.

ಎರಡು ಕಡೆ ಬರೆಯುವ ಪದ್ಧತಿ ನಮಗೆ ಹೊಸದಲ್ಲ

ನಮ್ಮ ಉಡುಪಿಯಲ್ಲಿ 1925ರಲ್ಲಿ ಒಂದು ಬ್ಯಾಂಕು ಹುಟ್ಟಿತು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಕಟ್ಟಿದ ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಸ್ವೀಕರಿಸುತ್ತಿದ್ದರು. ಓದು ಬರಹ ಬಾರದ ನಮ್ಮ ಅಜ್ಜಿಯಂದಿರು ಯಾವ ಧೈರ್ಯದಿಂದ ಹಣ ಕೊಟ್ಟರು? ಕೊಟ್ಟ ಹಣದ ಲೆಕ್ಕ ಬ್ಯಾಂಕಿನಲ್ಲೂ ಇರುತ್ತಿತ್ತು, ಅದರ ಗುರುತು ಮನೆಯಲ್ಲೂ ಉಳಿಯುತ್ತಿತ್ತು. ಒಂದು ಕಡೆಯದು ಹೋದರೆ ಇನ್ನೊಂದು ಕಡೆಯದು ಸಾಕ್ಷಿ.

ಹಾಲಿನ ಸಂಘದಲ್ಲೂ ಹಾಗೆಯೇ ಇತ್ತು. ಸಂಘದ ಪುಸ್ತಕ ಒಂದು, ಸದಸ್ಯರ ಪಾಸ್ ಪುಸ್ತಕ ಇನ್ನೊಂದು. 1990ರ ದಶಕದಲ್ಲಿ ಗುಜರಾತಿನ ಆನಂದ್ ಕಡೆಯ ಸಂಘಗಳಿಗೆ ವಿದ್ಯುತ್ ತಕ್ಕಡಿ, ಹಾಲು ಪರೀಕ್ಷಿಸುವ ಯಂತ್ರ ಮತ್ತು ಕಂಪ್ಯೂಟರು ಜೊತೆಯಾಗಿ ಬಂದವು. ಬರಬರುತ್ತಾ ನಮ್ಮ ಕಡೆಯ ಸಂಘಗಳಿಗೂ ಬಂದವು. ತೂಕ, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲ ಕ್ಷಣದಲ್ಲಿ ಚೀಟಿಯಾಗಿ ಬರುತ್ತದೆ. ಅನುಕೂಲ ಬಹಳವಾಯಿತು. ಆದರೆ ಎರಡು ಕಡೆ ಇದ್ದ ಲೆಕ್ಕ ಎಷ್ಟೋ ಕಡೆ ಒಂದೇ ಯಂತ್ರಕ್ಕೆ ಸೇರಿತು. ಸದಸ್ಯರ ಕೈಯಲ್ಲಿ ಉಳಿದದ್ದು ಮಾಸಿ ಹೋಗುವ ಒಂದು ತುಂಡು ಕಾಗದ. ಅದನ್ನು ಸರಿಪಡಿಸಲು ಹೆಚ್ಚಿನ ಖರ್ಚಿಲ್ಲದ ಒಂದು ಉಪಾಯ ಉಂಟು.

ಕಿಂಡಿ ಎಂದರೇನು?

ಉಡುಪಿಯ ಕೃಷ್ಣ ಮಠಕ್ಕೆ ಹೋದವರೆಲ್ಲ ದೇವರ ದರ್ಶನ ಮಾಡುವುದು ಕಿಂಡಿಯ ಮೂಲಕ. ದರ್ಶನ ಪೂರ್ತಿ ಆಗುತ್ತದೆ, ಆದರೆ ಗರ್ಭಗುಡಿಯ ಒಳಗೆ ಯಾರೂ ಕಾಲಿಡುವುದಿಲ್ಲ. ಕಂಪ್ಯೂಟರಿನವರು ಎ.ಪಿ.ಐ. ಎಂದು ಕರೆಯುವುದು ಇಂಥ ಒಂದು ಕಿಂಡಿಯನ್ನು. ಒಳಗೆ ಲೆಕ್ಕದ ಪುಸ್ತಕ ಭದ್ರವಾಗಿರುತ್ತದೆ. ಹೊರಗಿನವರು ಕಿಂಡಿಯಲ್ಲಿ ಗೊತ್ತಾದ ರೀತಿಯಲ್ಲಿ ಒಂದು ಪ್ರಶ್ನೆ ಕೇಳಬೇಕು: “ಇಂಥ ಸದಸ್ಯರ ಇಂದಿನ ಹಾಲು ಎಷ್ಟು?” ಒಳಗಿರುವ ಕಾರ್ಯಕ್ರಮ ಪುಸ್ತಕ ನೋಡಿ, ಅಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಪುಸ್ತಕವನ್ನು ಯಾರ ಕೈಗೂ ಕೊಡುವುದಿಲ್ಲ.

ಪ್ರಶ್ನೆಗೆ ಉತ್ತರ ಕೊಡುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಸರ್ವರ್ ಎಂದೊಡನೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ದೊಡ್ಡ ಯಂತ್ರವೆಂದು ತಿಳಿಯಬೇಕಾಗಿಲ್ಲ. ಸಂಘದ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರೇ ಸರ್ವರ್ ಆಗಬಹುದು. ಇದರ ದೊಡ್ಡ ಲಾಭವೆಂದರೆ ಮಳೆಗಾಲದಲ್ಲಿ ಮರ ಬಿದ್ದು ಇಂಟರ್‌ನೆಟ್ ಹೋದರೂ, ಸಂಘದೊಳಗಿನ ವೈಫೈಯಲ್ಲಿ ಇದು ಕೆಲಸ ಮಾಡುತ್ತಲೇ ಇರುತ್ತದೆ.

ಕಿಂಡಿಯನ್ನು ಬುಡದಿಂದ ಕಟ್ಟಬೇಕಾಗಿಲ್ಲ. ಹಟ್ಟಿ ಕಟ್ಟುವಾಗ ಕಂಬ ಮತ್ತು ಮಾಡು ಸಿದ್ಧವಿದ್ದರೆ ಗೋದಲಿ ಮಾತ್ರ ನಾವು ಮಾಡಿಕೊಂಡರೆ ಸಾಕಲ್ಲವೆ? ಹಾಗೆಯೇ ಇಲ್ಲೂ ಸಿದ್ಧ ಚೌಕಟ್ಟುಗಳಿವೆ, ಫ್ರೇಮ್‌ವರ್ಕ್ ಎನ್ನುತ್ತಾರೆ. ನಾನು ಬಳಸಿದ್ದು ಫ್ಲಾಸ್ಕ್ ಎಂಬುದನ್ನು. ಆಸ್ಟ್ರಿಯಾ ದೇಶದ ಆರ್ಮಿನ್ ರೋನಾಕರ್ 2010ರಲ್ಲಿ ಇದನ್ನು ಹೊರತಂದರು. ಇದು ನಡೆಯುವುದು ಪೈಥಾನ್ ಭಾಷೆಯಲ್ಲಿ. ಅದು ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಭಾಷೆ. ಲೆಕ್ಕ ಇಡಲು ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಪುಸ್ತಕ. 2000ದಲ್ಲಿ ಬಂದ ಇದರ ವಿಶೇಷವೆಂದರೆ ಇಡೀ ಲೆಕ್ಕ ಒಂದೇ ಕಡತದಲ್ಲಿರುತ್ತದೆ. ಮೂರೂ ಉಚಿತ.

ಕೆಲಸದ ಕ್ರಮ

ಕಾಪು ಕಡೆಯ ಒಂದು ಸಣ್ಣ ಸಂಘದಲ್ಲಿ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಪ್ರಯೋಗಕ್ಕಾಗಿ ಇದನ್ನು ಮಾಡಿದೆವು. ಕ್ರಮವನ್ನು ಹೇಳುತ್ತೇನೆ. ಕಾರ್ಯದರ್ಶಿಗಳು ಬರೆದುಕೊಳ್ಳಬಹುದು, ಕಂಪ್ಯೂಟರು ಕಲಿತ ನಿಮ್ಮ ಮಕ್ಕಳಿಗೆ ಹೇಳಿದರೆ ಅವರಿಗೆ ತಿಳಿಯುತ್ತದೆ.

ಒಂದು: ಹಾಲು ಸಂಗ್ರಹಣೆಯ ಕಂಪ್ಯೂಟರನ್ನು ಮುಟ್ಟಬಾರದು. ಅದು ಬಟವಾಡೆಯ ಅಧಿಕೃತ ಯಂತ್ರ. ಬೇರೆ ಒಂದು ಹಳೆಯ ಕಂಪ್ಯೂಟರು ಇಟ್ಟುಕೊಳ್ಳಿ. ಪ್ರತಿ ಸರದಿ ಮುಗಿದ ಮೇಲೆ ಸಂಗ್ರಹಣೆಯ ಯಂತ್ರದಿಂದ ಆ ಸರದಿಯ ಪಟ್ಟಿಯ ನಕಲು ತೆಗೆದು ಇದಕ್ಕೆ ಸೇರಿಸಿ. ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಎರಡು: ಪೈಥಾನ್ ಹಾಕಿ, ಒಂದು ಪ್ರತ್ಯೇಕ ಫೋಲ್ಡರಿನಲ್ಲಿ ಈ ಕೆಲಸಕ್ಕೆಂದೇ ಬೇರೆ ಪರಿಸರ ಮಾಡಿ ಅದರೊಳಗೆ ಫ್ಲಾಸ್ಕ್ ಇಳಿಸಿಕೊಳ್ಳಿ. ಇಂಟರ್‌ನೆಟ್ ಬೇಕಾಗುವುದು ಈ ಒಂದು ಸಲ ಮಾತ್ರ.

ಮೂರು: ಲೆಕ್ಕದ ಪುಸ್ತಕಕ್ಕೆ ಅಂಕಣ ಹಾಕುವುದು. ಚೀಟಿ ಸಂಖ್ಯೆ, ಸದಸ್ಯ ಸಂಖ್ಯೆ, ದಿನಾಂಕ, ಸರದಿ, ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಇಲ್ಲಿ ಕೆಲವು ಎಚ್ಚರಿಕೆ ಬೇಕು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಬರೆಯಿರಿ. ಇಲ್ಲವಾದರೆ 03-04 ಎಂಬುದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ತಿಳಿಯುವುದಿಲ್ಲ. ಪ್ರಮಾಣ ಕಿಲೋ ಲೆಕ್ಕವೋ ಲೀಟರು ಲೆಕ್ಕವೋ ಸ್ಪಷ್ಟವಾಗಿ ನಮೂದಿಸಿ. ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ; ಹತ್ತು ಕಿಲೋ ಹಾಲು ಎಂದರೆ ಸುಮಾರು 9.7 ಲೀಟರು. ಇದನ್ನು ಕಲಸಿಬಿಟ್ಟರೆ ಇಲ್ಲದ ಸಂಶಯ ಹುಟ್ಟುತ್ತದೆ. ಹಣವನ್ನು ಪೈಸೆಯ ಪೂರ್ಣ ಸಂಖ್ಯೆಯಲ್ಲಿ ಇಡಿ. ದಶಾಂಶದಲ್ಲಿ ಇಟ್ಟರೆ ಕಂಪ್ಯೂಟರಿನ ಲೆಕ್ಕದಲ್ಲಿ ಒಮ್ಮೊಮ್ಮೆ ಒಂದೆರಡು ಪೈಸೆ ಹೆಚ್ಚು ಕಡಿಮೆಯಾಗುತ್ತದೆ.

ಒಂದೇ ಲೆಕ್ಕ ಎರಡು ಸಲ ಸೇರದ ಹಾಗೆ ತಡೆಯೂ ಬೇಕು. ನಾನು ಮೊದಲು “ಒಬ್ಬ ಸದಸ್ಯರು, ಒಂದು ದಿನ, ಒಂದು ಸರದಿಗೆ ಒಂದೇ ಸಾಲು” ಎಂದು ನಿಯಮ ಮಾಡಿದ್ದೆ. ಮೂರನೆಯ ದಿನವೇ ಒಬ್ಬರು ಎರಡು ಕ್ಯಾನಿನಲ್ಲಿ ಹಾಲು ತಂದರು. ಎರಡನೆಯ ಕ್ಯಾನಿನ ಲೆಕ್ಕವನ್ನು ಯಂತ್ರ ತೆಗೆದುಕೊಳ್ಳಲಿಲ್ಲ. ಹಾಲು ಪರೀಕ್ಷಕರು ನಕ್ಕು, “ಸಾರ್, ಚೀಟಿ ನಂಬರು ನೋಡಿದರೆ ಆಯಿತಲ್ಲ” ಎಂದರು. ಅವರು ಹೇಳಿದ್ದೇ ಸರಿ. ಚೀಟಿ ಸಂಖ್ಯೆ ಎರಡು ಸಲ ಬರುವುದಿಲ್ಲ. ತಡೆಯನ್ನು ಅದಕ್ಕೆ ಹಾಕಿದೆವು. ಕೆಲಸ ಬಲ್ಲವರನ್ನು ಕೇಳದೆ ಕಾರ್ಯಕ್ರಮ ಬರೆಯಬಾರದೆಂದು ಆ ದಿನ ಕಲಿತೆ.

ನಾಲ್ಕು: ಕಿಂಡಿಗಳು. ನಾವು ಮೂರೇ ಇಟ್ಟೆವು. ಇಂದಿನ ಹಾಲು ಒಂದು, ಈ ಅವಧಿಯ ಒಟ್ಟು ಲೆಕ್ಕ ಒಂದು, ಪಶು ಆಹಾರ ಮುಂತಾದ ಕಡಿತ ಒಂದು. ಒಂದೊಂದಕ್ಕೂ ಒಂದೊಂದು ವಿಳಾಸ. ಆ ವಿಳಾಸಕ್ಕೆ ಪ್ರಶ್ನೆ ಬಂದಾಗ ಏನು ಮಾಡಬೇಕೆಂದು ಕೆಲವೇ ಸಾಲುಗಳಲ್ಲಿ ಬರೆದರಾಯಿತು. ಉಳಿದದ್ದನ್ನು ಫ್ಲಾಸ್ಕ್ ನೋಡಿಕೊಳ್ಳುತ್ತದೆ. ಮೂರು ಕಿಂಡಿಯೂ ನೋಡುವುದಕ್ಕೆ ಮಾತ್ರ. ಹೊರಗಿನಿಂದ ಯಾರೂ ಒಂದು ಅಂಕಿಯನ್ನೂ ತಿದ್ದಲಾರರು. ಉತ್ತರದ ಜೊತೆ ಒಂದು ಸಂಖ್ಯೆಯೂ ಬರುತ್ತದೆ: 200 ಎಂದರೆ ಸರಿ, 401 ಎಂದರೆ ನೀವು ಯಾರೆಂದು ತಿಳಿಸಿಲ್ಲ, 404 ಎಂದರೆ ಕೇಳಿದ್ದು ಇಲ್ಲಿ ಇಲ್ಲ.

ಐದು: ಪರೀಕ್ಷೆ. ಮೊದಲು ಅದೇ ಕಂಪ್ಯೂಟರಿನಲ್ಲಿ 127.0.0.1 ಎಂಬ ವಿಳಾಸ, 5000 ಎಂಬ ಬಾಗಿಲು ಸಂಖ್ಯೆ ಹಾಕಿ ನೋಡಿ. 127.0.0.1 ಎಂದರೆ “ನಾನೇ” ಎಂದು ಅರ್ಥ. ಹಾಗಾಗಿ ಪಕ್ಕದ ಮೊಬೈಲಿನಿಂದ ಅದು ಕಾಣುವುದಿಲ್ಲ. ಹೊಸಬರು ಇಲ್ಲಿಯೇ ಕೆಟ್ಟುಹೋಯಿತೆಂದು ಕೈಬಿಡುತ್ತಾರೆ. ಸಂಘದೊಳಗಿನ ಬೇರೆ ಯಂತ್ರಗಳಿಗೂ ಉತ್ತರ ಕೊಡು ಎಂದು ಹೇಳಲು 0.0.0.0 ಎಂಬ ಸೂಚನೆ ಕೊಡಬೇಕು, ಫೈರ್‌ವಾಲ್‌ನಲ್ಲಿ ಆ ಬಾಗಿಲಿಗೆ ಅನುಮತಿ ಕೊಡಬೇಕು. ಮೊಬೈಲಿನಲ್ಲಿ 192.168 ಎಂದು ಆರಂಭವಾಗುವ, ಸರ್ವರಿಗೆ ಸಿಕ್ಕಿದ ವಿಳಾಸ ಹಾಕಬೇಕು. ಈ ವಿಳಾಸ ದಿನಕ್ಕೊಂದಾಗದ ಹಾಗೆ ವೈಫೈ ಪೆಟ್ಟಿಗೆಯಲ್ಲಿ ಖಾಯಂ ಮಾಡಿಡಿ.

ಆರು: ಕಲಿಯುವಾಗ ತಪ್ಪು ಹುಡುಕಲು ಫ್ಲಾಸ್ಕ್‌ನಲ್ಲಿ ಡೀಬಗ್ ಎಂಬ ಸೌಲಭ್ಯ ಉಂಟು. ಸದಸ್ಯರಿಗೆ ತೆರೆಯುವ ಮೊದಲು ಅದನ್ನು ಕಡ್ಡಾಯವಾಗಿ ಮುಚ್ಚಬೇಕು. ತೆರೆದಿಟ್ಟರೆ ತಿಳಿದವರು ಹೊರಗಿನಿಂದಲೇ ನಿಮ್ಮ ಯಂತ್ರಕ್ಕೆ ಆಜ್ಞೆ ಕೊಡುವ ಅಪಾಯ ಇದೆ. ಫ್ಲಾಸ್ಕ್‌ನೊಂದಿಗೆ ಬರುವ ಸಣ್ಣ ಸರ್ವರು ಪರೀಕ್ಷೆಗೆ ಮಾತ್ರ. ನಿತ್ಯದ ಕೆಲಸಕ್ಕೆ ವೇಟ್ರೆಸ್ ಎಂಬ ಇನ್ನೊಂದು ಉಚಿತ ಕಾರ್ಯಕ್ರಮ ಇದೆ, ಅದನ್ನು ಬಳಸಿ.

ಏಳು: ನಕಲು. ಸರದಿ ಮುಗಿದು, ಬರವಣಿಗೆ ನಿಂತ ಮೇಲೆ ಆ ಒಂದು ಕಡತವನ್ನು ಪೆನ್ ಡ್ರೈವಿಗೆ ತೆಗೆಯಿರಿ. ಎರಡು ಪೆನ್ ಡ್ರೈವ್ ಇರಲಿ, ಒಂದು ಸಂಘದ ಕಟ್ಟಡದಲ್ಲಿ ಇರದಿರಲಿ. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ನಕಲಿಗೂ ನನ್ನ ಅಮ್ಮನ ಅಟ್ಟಣೆಯ ಚೀಟಿಗೂ ವ್ಯತ್ಯಾಸವಿಲ್ಲ.

ನಾನು ಮಾಡಿದ ಒಂದು ದೊಡ್ಡ ತಪ್ಪು

ಇದನ್ನು ಮುಚ್ಚಿಡಬಾರದು. ಪ್ರಯೋಗದ ಮೊದಲ ವಾರ, ಸದಸ್ಯ ಸಂಖ್ಯೆ ಹಾಕಿದರೆ ಸಾಕು, ಲೆಕ್ಕ ಕಾಣುವ ಹಾಗೆ ಮಾಡಿದ್ದೆ. ಒಬ್ಬ ಹುಡುಗ ತಮಾಷೆಗೆಂದು ತಮ್ಮ ಸಂಖ್ಯೆಯ ಬದಲು ಮುಂದಿನ ಸಂಖ್ಯೆ ಹಾಕಿದ. ಪಕ್ಕದ ಮನೆಯವರ ಹಾಲು, ಹಣ, ಕಡಿತ ಎಲ್ಲ ಕಂಡಿತು. ಮರುದಿನ ಆ ಮನೆಯವರ ಬಾಕಿ ಎಷ್ಟೆಂದು ಸಂಘದ ಜಗಲಿಯಲ್ಲಿ ಮಾತಾಯಿತು. ಆ ಅಕ್ಕ ಎರಡು ದಿನ ಹಾಲು ತರಲಿಲ್ಲ. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಹೇಳಿದರು: “ಲೆಕ್ಕ ಸರಿಯೇ ಇತ್ತು ಮಾರಾಯ್ರೆ. ಆದರೆ ಅದು ನನ್ನ ಲೆಕ್ಕ ಅಲ್ಲವಾ?”

ಅಂದೇ ಕಿಂಡಿ ಮುಚ್ಚಿದೆ. ಬಳಿಕ ಪ್ರತಿ ಸದಸ್ಯರಿಗೂ ಆರು ಅಂಕಿಯ ಗುಪ್ತ ಸಂಖ್ಯೆ ಕೊಟ್ಟು, ಐದು ಸಲ ತಪ್ಪಿದರೆ ಸ್ವಲ್ಪ ಹೊತ್ತು ಬೀಗ ಬೀಳುವ ಹಾಗೆ ಮಾಡಿ, ಅದರ ಮೇಲೆಯೇ ತೆರೆದೆ. ಈ ಗುಪ್ತ ಸಂಖ್ಯೆಯನ್ನು ಯಂತ್ರದಲ್ಲಿ ಇದ್ದ ಹಾಗೆಯೇ ಬರೆದಿಡಬಾರದು. ಅಕ್ಕಿ ಹಿಟ್ಟಾದ ಮೇಲೆ ಮತ್ತೆ ಅಕ್ಕಿ ಮಾಡಲು ಬರುವುದಿಲ್ಲವಲ್ಲ, ಹಾಗೆ ಅದನ್ನು ಪುಡಿ ಮಾಡಿ ಇಡುವ ವಿಧಾನವಿದೆ. ವೈಫೈಗೂ ಒಳ್ಳೆಯ ಗುಪ್ತ ಪದ ಇರಲಿ. ಈ ಕಿಂಡಿಯನ್ನು ಸಂಘದ ಹೊರಗೆ, ಇಂಟರ್‌ನೆಟ್ಟಿಗೆ ತೆರೆಯಲೇಬೇಡಿ. ಅದಕ್ಕೆ ಬೇಕಾದ ಕಾವಲು ಬೇರೆ. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯ್ದೆಯೂ ಆಗಿದೆ. ಕಾಯ್ದೆ ಇರಲಿ ಇಲ್ಲದಿರಲಿ, ಒಂದು ಮನೆಯ ಬಡತನ ಇನ್ನೊಂದು ಮನೆಯ ಮಾತಾಗಬಾರದು.

ಇದರಿಂದ ಸಿಕ್ಕಿದ್ದೇನು?

ಒಂದು ಬೆಳಿಗ್ಗೆ ಕರೆಂಟು ಇರಲಿಲ್ಲ. ಲೆಕ್ಕವನ್ನು ಕೈಯಲ್ಲಿ ಬರೆದು ಆಮೇಲೆ ಯಂತ್ರಕ್ಕೆ ಹಾಕಿದ್ದರು. ಸಂಜೆ ಹಿರಿಯ ಸದಸ್ಯೆಯೊಬ್ಬರ ಮೊಮ್ಮಗಳು ಮೊಬೈಲಿನಲ್ಲಿ ನೋಡಿದರೆ ಬೆಳಗಿನ ಹಾಲು ಇಲ್ಲವೇ ಇಲ್ಲ. ಒಂದು ಅಂಕಿ ತಪ್ಪಿ ಇನ್ನೊಬ್ಬರ ಹೆಸರಿಗೆ ಹೋಗಿತ್ತು. ಕೈಬರಹದ ಪುಸ್ತಕ ಮೇಜಿನ ಮೇಲೆಯೇ ಇತ್ತು. ಐದು ನಿಮಿಷದಲ್ಲಿ ಸರಿಯಾಯಿತು. ಬಟವಾಡೆಯ ದಿನ ಇದು ಗೊತ್ತಾಗಿದ್ದರೆ ಮೂರು ಜನರಿಗೆ ಮನಸ್ತಾಪ.

ಇನ್ನೊಂದು ಲಾಭ ಹಟ್ಟಿಯದು. ದಿನದಿನದ ಅಂಕಿ ಸಾಲಾಗಿ ಕಣ್ಣೆದುರು ಇದ್ದರೆ ದನದ ಆರೋಗ್ಯ ತಿಳಿಯುತ್ತದೆ. ಹಸಿರು ಹುಲ್ಲು, ಬೈಹುಲ್ಲು ಕಡಿಮೆಯಾಗಿ ಹಿಂಡಿಯೇ ಹೆಚ್ಚಾದರೆ ಫ್ಯಾಟ್ ಇಳಿಯುತ್ತದೆ. ಕೆಚ್ಚಲು ಬಾವಿನ ಆರಂಭದಲ್ಲಿ ಎಸ್‌ಎನ್‌ಎಫ್ ಕುಸಿಯುವುದುಂಟು. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಫ್ಯಾಟ್ ಸ್ವಲ್ಪ ಹೆಚ್ಚಿರುವುದು ಸಾಮಾನ್ಯ. ಎರಡು ಕರೆಯುವಿಕೆಯ ನಡುವಿನ ಅಂತರ ಕಡಿಮೆ ಇರುವುದೇ ಕಾರಣ. ಇದು ತಿಳಿಯದಿದ್ದಾಗ “ಪರೀಕ್ಷಕರು ಬೆಳಿಗ್ಗೆ ಫ್ಯಾಟ್ ಕಡಿಮೆ ಹಾಕುತ್ತಾರೆ” ಎಂಬ ದೂರು ಹುಟ್ಟುತ್ತದೆ. ಲೆಕ್ಕ ಕಂಡರೆ ಅನುಮಾನ ಹೋಗುತ್ತದೆ. ಇದು ಸದಸ್ಯರಿಗೆ ಎಷ್ಟು ಅಗತ್ಯವೋ ಪ್ರಾಮಾಣಿಕವಾಗಿ ದುಡಿಯುವ ಪರೀಕ್ಷಕರಿಗೂ ಅಷ್ಟೇ ಅಗತ್ಯ.

ಮೊಬೈಲು ಇಲ್ಲದವರು, ಓದಲು ಬಾರದವರು ಏನು ಮಾಡಬೇಕೆಂದು ಕೇಳಬಹುದು. ಅವರು ಕೇಳಿದರೆ ಕಾರ್ಯದರ್ಶಿಗಳೋ ಸಂಘದ ಸಿಬ್ಬಂದಿಯೋ ಮೆಲ್ಲಗೆ ಓದಿ ಹೇಳಬೇಕು. ಅದನ್ನು ಉಪಕಾರವೆಂದು ತಿಳಿಯಬಾರದು. ಸದಸ್ಯರ ಹಕ್ಕು ಅದು.

ಬಂಧುಗಳೇ, ಈ ಕಿಂಡಿ ಬಟವಾಡೆಯ ಅಧಿಕೃತ ಲೆಕ್ಕವಲ್ಲ. ಅದು ಸಂಘದ ಪುಸ್ತಕವೇ. ಇದು ಅದರ ಜೊತೆ ನಿಲ್ಲುವ ಎರಡನೆಯ ಸಾಕ್ಷಿ. ಮಾಡುವುದೋ ಬೇಡವೋ ಎಂಬುದನ್ನು ನಿಮ್ಮ ನಿಮ್ಮ ಆಡಳಿತ ಮಂಡಳಿಯಲ್ಲಿ, ಮಹಾಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಿ. ಸರ್ವರು ಬೇಡವೆಂದು ತೀರ್ಮಾನವಾದರೂ ಒಂದು ಕೆಲಸವನ್ನು ಇಂದು ಸಂಜೆಯಿಂದಲೇ ಮಾಡಿ: ಸರದಿ ಮುಗಿದೊಡನೆ ಲೆಕ್ಕದ ನಕಲು ತೆಗೆದು ಬೇರೆ ಜಾಗದಲ್ಲಿ ಇಡಿ. ಅದಕ್ಕೆ ಬೇಕಾಗುವುದು ಒಂದು ಪೆನ್ ಡ್ರೈವ್ ಮತ್ತು ಎರಡು ನಿಮಿಷ.

ನನ್ನ ಅಮ್ಮ ಈಗಲೂ ಹಾಲು ಹಾಕುತ್ತಾರೆ. ಆ ಸಿಡಿಲಿನ ನಂತರ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಲೂ ಪೆನ್ಸಿಲಿನಿಂದ ಬೆಳಗಿನದು ಒಂದು, ಸಂಜೆಯದು ಒಂದು ಅಂಕಿ ಬರೆಯುತ್ತಾರೆ. ಇನ್ನು ಅದು ಬೇಡ ಎಂದು ನಾನು ಹೇಳಿಲ್ಲ. ನಿಮಗೂ ಹೇಳುವುದಿಲ್ಲ. ಕ್ಯಾಲೆಂಡರೂ ಇರಲಿ, ಚೀಟಿಯೂ ಇರಲಿ, ಕಿಂಡಿಯೂ ಇರಲಿ. ಹಾಕಿದ ಹಾಲು ಬರೆದದ್ದರಲ್ಲಿ ಇಲ್ಲ ಎಂಬ ಮಾತು ಇನ್ನು ಯಾವ ಮನೆಯಲ್ಲೂ ಬಾರದಿರಲಿ.